ನಿನ್ನ ಒಂದು ಹಿಡಿ ಬೇರು

ನನ್ನ ಮನೆಯೊಡತಿ ಶಾರದೆಗೆ,

ಸಮಸ್ತ ಗೋಣಿಬೀಡಿನ ಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಕಷಾಯದ ಪಾತ್ರೆಗೆ ಹೊಸ ಹಿಡಿಕೆ ಬಂದಿದೆ! ಬಣಕಲ್ಲಿನ ವೆಲ್ಡಿಂಗ್ ಅಂಗಡಿಗೆ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗಿದ್ದೆ. ನೀನು ನಾಲ್ಕು ವರ್ಷ ಹೇಳಿದ ಕೆಲಸ, ನೀನು ಕಣ್ಣು ಮುಚ್ಚಿ ಒಂದೂವರೆ ವರ್ಷದಲ್ಲೇ ಮುಗಿಸಿದ್ದೇನೆ. ನನ್ನ ಶಿಸ್ತು ನೋಡು.

ಕಾಫಿ ತೋಟಕ್ಕೆ ಕೀಟನಾಶಕದ ಮದ್ದು ಹೊಡೆದ ದಿನ ಸಂಜೆ ಹೆಂಗಸರನ್ನು ಹಿತ್ತಲಿಗೆ ಕರೆದು ಶತಾವರಿ ಬೇರಿನ ಕಷಾಯ ಕೊಡುತ್ತಿದ್ದೆಯಲ್ಲ, ನೆನಪಿದೆಯಾ? ನಾನು ಜಗಲಿಯಿಂದ ಕೂಗುತ್ತಿದ್ದೆ: "ಮದ್ದು ಹೊಡೆದೋರು ಗಂಡಸರು, ಕಷಾಯ ಹೆಂಗಸರಿಗೆ! ಇದ್ಯಾವ ವೈದ್ಯ ಮಾರಾಯ್ತಿ?"

"ಅವರ ಅಂಗಿ ಒಗೆಯೋರು ಯಾರು, ನೀವಾ?" ಅನ್ನುತ್ತಿದ್ದೆ. ನಾನು ನಕ್ಕುಬಿಡುತ್ತಿದ್ದೆ. ಗಂಡಸರಿಗೆ ಮಾಸ್ಕು, ಗ್ಲೌಸು ಕೊಡಿಸಿದೆನೆಂದು ಎದೆಯುಬ್ಬಿಸಿ ಪತ್ರಿಕೆಯಲ್ಲಿ ಅಂಕಣ ಬರೆದವನು ನಾನು. ಮದ್ದಿನಲ್ಲಿ ನೆಂದ ಅಂಗಿ ಮನೆಗೆ ಹೋಗಿ ಹೆಂಡತಿಯ ಬರಿಗೈಗೆ ಸಿಗುವುದು ನನ್ನ ತಲೆಗೆ ಹೋಗಲೇ ಇಲ್ಲ. ನಮ್ಮ ಮೇಸ್ತ್ರಿಯ ಹೆಂಡತಿ ಗಿರಿಜಾ ಎರಡು ಸಲ ಬಸಿರು ಕಳೆದುಕೊಂಡಳು. ಮದ್ದಿನಿಂದಲೇ ಅಂತ ಡಾಕ್ಟರು ಹೇಳಲಿಲ್ಲ. ಅಲ್ಲ ಅಂತಲೂ...

ಹೋದ ವಾರ ನಿನ್ನ ಕಷಾಯದ ಸುದ್ದಿ ಕೇಳಿ ಕಾಲೇಜಿನಿಂದ ಸಂಶೋಧನೆಯ ಹುಡುಗಿಯೊಬ್ಬಳು ಬಂದಿದ್ದಳು. ಇಂಥ ರಾಸಾಯನಿಕ ಮೈಗೆ ಸೇರಿದ ಹೆಣ್ಣಿಲಿಗಳ ಅಂಡಾಶಯವನ್ನು ಶತಾವರಿಯ ಸಾರ ಕಾಪಾಡುತ್ತದಾ ಎಂದು ನೋಡುತ್ತಿದ್ದಾಳಂತೆ. "ಇಲಿಗಳಲ್ಲಿ ಸ್ವಲ್ಪ ಆಸೆ ಇದೆ ಸಾರ್. ಮನುಷ್ಯರ ಮಾತು ಈಗಲೇ ಬೇಡ. ಮೊದಲು ಆ ಅಂಗಿ ಮನೆಗೆ ಹೋಗೋದು ನಿಲ್ಲಿಸಿ," ಅಂದಳು. ಕೇಳಿದೆಯಾ, ನಿನ್ನ ಮಾತೇ! ಆಮೇಲೆ, "ಅಮ್ಮ ಎಷ್ಟು ಬೇರು ಹಾಕ್ತಿದ್ರು?" ಎಂದಳು.

ಒಂದು ಹಿಡಿ ಎಂದು ನನ್ನ ಮುಷ್ಟಿ ತೋರಿಸಿದೆ. ಪಕ್ಕದಲ್ಲಿದ್ದ ಗಿರಿಜಾ ನಕ್ಕಳು. "ಅಯ್ಯೋ ಸಾವ್ಕಾರ್ರೇ, ಅದು ಹಿಡಿಯಲ್ಲ, ಕಾಫಿ ಕುಯ್ಯೋ ಬುಟ್ಟಿ! ಅಮ್ಮೋರ ಕೈ ಎಷ್ಟಿತ್ತು?"

ಎಷ್ಟಿತ್ತು? ಇಪ್ಪತ್ತಾರು ವರ್ಷ ಹಿಡಿದ ಕೈ. ಬೀರುವಿನಿಂದ ನಿನ್ನ ಹಸಿರು ಬಳೆ ತಂದೆ. ಗಿರಿಜಾಳ ಕೈಗೆ ಅಳೆದಂತೆ ಏರಿತು. ನಿನ್ನ ಡಬ್ಬದಲ್ಲಿ ಉಳಿದಿದ್ದ ಬೇರನ್ನು ಅವಳು ಒಂದು ಹಿಡಿ ಎತ್ತಿದಳು, ಹುಡುಗಿ ತೂಗಿ ಬರೆದುಕೊಂಡಳು. ನಾನು ಆ ಮುಷ್ಟಿಯನ್ನೇ ನೋಡುತ್ತಾ... ಬಿಡು.

ಅವತ್ತಿನಿಂದ ಮದ್ದಿನ ಅಂಗಿ ತೋಟದ ಗೇಟು ದಾಟಿಲ್ಲ, ದಾಟುವುದೂ ಇಲ್ಲ. ಗಂಡಸರೇ ಗ್ಲೌಸು ಹಾಕಿ ಶೆಡ್ಡಿನ ಹತ್ತಿರ ಒಗೆಯುತ್ತಾರೆ. ಮೇಸ್ತ್ರಿ ಕಾಲರ್ ಉಜ್ಜುವ ಗಾಂಭೀರ್ಯ ನೀನು ನೋಡಬೇಕಿತ್ತು. ಇನ್ನೊಂದು ಸುದ್ದಿ: ಗಿರಿಜಾಗೆ ಈಗ ಐದು ತಿಂಗಳು. ಬಸುರಿಗೆ ಕಷಾಯ ಬೇಡ ಎಂದಿದ್ದಾರೆ ಡಾಕ್ಟರು. ಹಾಗಾಗಿ ಹೊಸ ಹಿಡಿಕೆಯ ಪಾತ್ರೆ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದೆ. ಎದುರಿಗೆ ನಾನು.

ಒಂದು ಸಣ್ಣ ಉಪಕಾರ ಆಗಬೇಕು. ಬೇರನ್ನು ಬಿಸಿಲಲ್ಲಿ ಒಣಗಿಸುತ್ತಿದ್ದೆಯೋ, ನೆರಳಲ್ಲೋ? ಸೋಮವಾರ ಆ ಹುಡುಗಿ ಪಾತ್ರೆ ನೋಡಲು ಬರುತ್ತಾಳೆ, ಕೇಳಿಯೇ ಕೇಳುತ್ತಾಳೆ. ಅಷ್ಟರೊಳಗೆ ಹೇಗಾದರೂ ತಿಳಿಸು ಮಾರಾಯ್ತಿ.