ರೋಜರ್ ಅಂದೆ, ಅಪ್ಪಾ

ಅಪ್ಪಾ,

ಸಾರಿ. ನೀವು ಓದುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಪ್ರತಿ ಭಾನುವಾರ ಕೂರಿಸಿ ಮನೆಗೆ ಪತ್ರ ಬರೆಸುತ್ತಿದ್ದರಲ್ಲ, ಆ ಅಭ್ಯಾಸ. ನನ್ನ ಕನ್ನಡ ಸ್ಪೆಲಿಂಗ್ ನೋಡಿ ನಗಬೇಡಿ.

ಇವತ್ತು ನಿಮ್ಮ ಸ್ಕ್ವಾಡ್ರನ್‌ನಲ್ಲಿ ಹಳೆಯ ಕಮಾಂಡರ್‌ಗಳ ಸಾಲಿಗೆ ನಿಮ್ಮ ಫೋಟೋ ಹಾಕಿದರು. ಇಪ್ಪತ್ತಾರು ವರ್ಷದ ಸರ್ವಿಸ್, ಐದು ಸಾವಿರ ಗಂಟೆಯ ಹಾರಾಟ, ಪ್ರವಾಹದಲ್ಲಿ ತಾರಸಿಗಳ ಮೇಲಿಂದ ಎತ್ತಿದ ಜನ, ಎಲ್ಲವನ್ನೂ ಓದಿ ಹೇಳಿದರು. ಅಮ್ಮ ಅಳಲಿಲ್ಲ. ನಾನೂ ಅಳಲಿಲ್ಲ. ಫೋಟೋ ಸ್ವಲ್ಪ ಎಡಕ್ಕೆ ವಾಲಿದೆ ಎಂದಷ್ಟೇ ಅನ್ನಿಸಿತು.

ಆಮೇಲೆ ಟೀ ಕುಡಿಯುವಾಗ ನಿಮ್ಮ ಮೆಕ್ಯಾನಿಕ್ ಅಂಕಲ್ ಹತ್ತಿರ ಬಂದರು.

"ನಿಮ್ಮಪ್ಪ ಭಾರೀ ಖಡಕ್ಕು ಕಣಮ್ಮಾ. ಏನಾದ್ರೂ ಕೆಲಸ ಹೇಳಿದಾಗ ನಾನು ರೋಜರ್ ಸರ್ ಅಂದ್ರೆ ಸಾಕು, ಹಿಡ್ಕೊಳ್ಳೋರು. 'ರೋಜರ್ ಅಂದ್ರೆ ಕೇಳಿಸ್ತು ಅಂತ ಅಷ್ಟೇ ಕಣಯ್ಯಾ. ಮಾಡೋದಾದ್ರೆ ವಿಲ್ಕೋ ಅನ್ನು' ಅನ್ನೋರು. ಒಂದು ಸಲಾನೂ ಬಿಡ್ತಿರ್ಲಿಲ್ಲ."

ಅವರು ನಕ್ಕರು. ನಾನೂ ನಕ್ಕೆ.

ಆ ಶನಿವಾರ ನೀವು ಫೋನ್ ಮಾಡಿ, "ಸೋಮವಾರ ಹೊರಡ್ತೀನಿ, ನಾಳೆ ಒಂದಿನ ಮನೆಗೆ ಬಂದು ಹೋಗು ಪುಟ್ಟಿ" ಎಂದಿರಿ. ನಾನು "ರೋಜರ್" ಎಂದೆ. ಟೆಸ್ಟ್ ಇದೆ ಎಂದು ಬರಲಿಲ್ಲ. ಟೆಸ್ಟ್ ಇದ್ದದ್ದು ಗುರುವಾರ. ಸೋಮವಾರ ಹೊರಟ ನಿಮ್ಮ ಹೆಲಿಕಾಪ್ಟರ್ ವಾಪಸ್ ಬರಲಿಲ್ಲ.

ಎಲ್ಲರನ್ನೂ ತಿದ್ದುತ್ತಿದ್ದ ನೀವು ಅವತ್ತು ನನ್ನನ್ನು ಯಾಕೆ ತಿದ್ದಲಿಲ್ಲ?

ಬೇಗ ಉತ್ತರ ಬರೆಯಿರಿ. ಕೇಳಿಸಿತು ಎಂದಷ್ಟೇ ಬರೆದರೂ ಸಾಕು.