ಅಣ್ಣ ತಂದ ಕಜ್ಜಾಯ

ಕುಣಿಗಲ್
೧೪-೯-೨೦೨೫

ಪ್ರೀತಿಯ ಶಿವಣ್ಣನಿಗೆ ನಿನ್ನ ತಂಗಿ ಮಂಜುಶ್ರೀಯ ನಮಸ್ಕಾರಗಳು.

ಹಬ್ಬ ಕಳೆದು ಇಷ್ಟು ದಿನವಾದರೂ ಬರೆಯಲಿಲ್ಲ, ಬೈದುಕೊಳ್ಳಬೇಡ. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಈ ಕಾಗದವನ್ನಾದರೂ ಪೂರ್ತಿ ಓದು.

ನನ್ನ ಊಟ ನೋಡಿದರೆ ನಗುತ್ತೀಯ. ನಿನಗೆ ನನ್ನ ಲಿವರಿನಲ್ಲಿ ಒಂದು ಭಾಗ ಕೊಡಬೇಕಾದರೆ ಮೊದಲು ಅದರ ಕೊಬ್ಬು ಕರಗಬೇಕು, ಇಲ್ಲದಿದ್ದರೆ ಮುಟ್ಟುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರಲ್ಲ, ಅಂದಿನಿಂದ ತಟ್ಟೆ ತುಂಬ ಹೀರೇಕಾಯಿ, ಎಲೆಕೋಸು, ಮೂಲಂಗಿ. ನಡುವೆ ನಿಂಬೆಹಣ್ಣಿನಷ್ಟು ಮುದ್ದೆ. ಹಾಗಲಕಾಯಿ ಕಂಡರೆ ಓಡುತ್ತಿದ್ದವಳು ಈಗ ಅದನ್ನೂ ಬಿಡುತ್ತಿಲ್ಲ. "ನಮ್ ಎಮ್ಮೆನೂ ಇಷ್ಟು ಸೊಪ್ಪು ತಿನ್ನಾಕಿಲ್ಲ ಕಣೇ" ಎಂದು ಅತ್ತೆ ಆಡಿಕೊಳ್ಳುತ್ತಾರೆ. ಬದುವಿನ ಮೇಲಿನ ಹೊನಗೊನ್ನೆ ಸೊಪ್ಪು ಕಿತ್ತು ತರುವವರೂ ಅವರೇ.

ಗೌರಿಹಬ್ಬಕ್ಕೆ ನೀನು ಊದಿದ ಕಾಲಿನಲ್ಲಿ ಗುಬ್ಬಿಯಿಂದ ಬಸ್ಸು ಬದಲಿಸಿಕೊಂಡು ಬಾಗಿನ ತಂದಾಗ ನನ್ನ ಕಣ್ಣು ತುಂಬಿತ್ತು. ಮೊರದ ಜೊತೆಗೆ ಡಬ್ಬಿ ತುಂಬ ಕಜ್ಜಾಯ. "ತವರಿಂದ ತಂದಿದ್ನ ಬ್ಯಾಡ ಅನ್ಬಾರ್ದು, ನನ್ ಮುಂದೇನೇ ತಿನ್ನು" ಎಂದು ನೀನು ಪಟ್ಟು ಹಿಡಿದೆ. ನನ್ನ ಕೈ ಡಬ್ಬಿಗೆ ಹೋಗಿತ್ತು ಅಣ್ಣ. ನಿನ್ನ ಹಳದಿ ಕಣ್ಣು ಆ ಕೈಯನ್ನೇ ಕಾಯುತ್ತಿತ್ತು. ಯಾಕೋ ಹೆದರಿಕೆಯಾಗಿ, ಆಮೇಲೆ ತಿನ್ನುತ್ತೇನೆ ಎಂದು ಎತ್ತಿಟ್ಟೆ.

ಮಾರನೆಯ ದಿನ ವನಜತ್ತಿಗೆ ಫೋನಿನಲ್ಲಿ ಅಳುತ್ತಾ ಎಲ್ಲ ಹೇಳಿದರು. ಇವಳ ಪಥ್ಯ ಒಂದು ಸಲ ಮುರಿದರೆ ಸಾಕು, ಸಿಹಿ ಕಂಡ ಬಾಯಿ ಮತ್ತೆ ನಿಲ್ಲುವುದಿಲ್ಲ, ಡಾಕ್ಟರೇ ಬೇಡ ಅನ್ನುತ್ತಾರೆ ಎಂದೆಯಂತೆ. ನನ್ನ ಚಪಲ ಗೊತ್ತಿರುವವನು ನೀನೊಬ್ಬನೇ, ಅದನ್ನೇ ಹಿಡಿದುಕೊಂಡೆ. ಕಜ್ಜಾಯವನ್ನೆಲ್ಲ ಅಕ್ಕಪಕ್ಕದ ಮನೆಗೆ ಹಂಚಿ, ನಿನ್ನನ್ನು ಬೈದುಕೊಂಡು ಅತ್ತುಬಿಟ್ಟೆ.

ನಿನ್ನೆ ಸ್ಕ್ಯಾನ್ ಆಯಿತು. ಕೊಬ್ಬು ಇಳಿದಿದೆ, ಕೊಡಬಹುದು ಅಂದರು. ಇನ್ನು ತಡಮಾಡಿದರೆ ನಿನ್ನ ಮೈ ಆಪರೇಷನ್ ತಡೆಯುವುದಿಲ್ಲ ಎಂದೂ ಅಂದರು. ನೀನು ಒಪ್ಪುವುದೊಂದೇ ಬಾಕಿ. ಗುರುವಾರ ಬೆಳಿಗ್ಗೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ನಾನು, ನಿನ್ನ ಭಾವ ಕಾಯುತ್ತಿರುತ್ತೇವೆ. ಬಾ.

ಅತ್ತಿಗೆಗೆ ನಮಸ್ಕಾರ, ಪೂಜಾಗೆ ಆಶೀರ್ವಾದ. ಆ ಗೌರಮ್ಮ ನಿನ್ನನ್ನು ಕಾಪಾಡಲಿ.

ಇಂತಿ ನಿನ್ನ ತಂಗಿ,
ಮಂಜು

ತಾ.ಕ.: ಲಿವರ್ ಕೊಡುವವರು ಬೇಕೆಂದಾಗ ನೀನು ಚಿಕ್ಕಪ್ಪನ ಮಗನನ್ನು ಕೇಳಿದೆ, ಅತ್ತಿಗೆಯ ತಮ್ಮನನ್ನೂ ಕೇಳಿದೆ. ನನ್ನನ್ನು ಕೇಳಲಿಲ್ಲ, ನಾನೇ ಬಂದೆ. "ಕೊಟ್ಟ ಹೆಣ್ಣಿಂದ ಇಸ್ಕೊಂಡು ಬದುಕೋದಾ" ಎಂದೆಯಂತೆ. ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆದವನು ನೀನು. ಅವತ್ತು ನನ್ನನ್ನು ಪೂರ್ತಿ ಕೊಟ್ಟುಬಿಟ್ಟೆಯಾ ಅಣ್ಣ? ನಿನಗೆ ಅಂತ ಇಷ್ಟೂ ಉಳಿಸಿಕೊಳ್ಳಲಿಲ್ಲವಾ?