ಗುಂಡು ತಗುಲಿದ ಹಂದಿ

ನವೆಂಬರ್ ೧೨, ಗುರುವಾರ

ಅಳಿಯ ಶೋಕಿಗೆ ಕಾಡುಹಂದಿಗೆ ಗುಂಡು ಹೊಡೆದನಂತೆ. ಅದು ಗಾಯಗೊಂಡು ಪೊದೆಗೆ ನುಗ್ಗಿತಂತೆ. ಕತ್ತಲಾಯಿತೆಂದು ಇವನು ಬಂದು ಊಟಕ್ಕೆ ಕೂತ. ನಾನು ಮುಖ ಗಂಟು ಹಾಕಿದೆ.

"ಮಾವ, ಹಿಟ್ಟಿನ ಗೋದಾಮಲ್ಲಿ ಮೂವತ್ತು ವರ್ಷ ಇಲಿ ಕೊಂದೋರು ನೀವು. ನನಗೆ ಬುದ್ಧಿ ಹೇಳ್ತೀರಾ?" ಎಂದು ನಕ್ಕ.

ಕೊಂದಿದ್ದೇನೆ, ನಿಜ. ಜನ ತಿನ್ನುವ ಹಿಟ್ಟು ಉಳಿಯಲೆಂದು ಕೊಂದೆ, ಅದಕ್ಕೆ ಅಳುಕಿಲ್ಲ. ಆದರೆ ಬೋನಿನಲ್ಲಿ ಇಲಿಯನ್ನು ಒದ್ದಾಡಲು ಬಿಟ್ಟು ಒಂದು ದಿನವೂ ಗೋದಾಮಿಗೆ ಬೀಗ ಹಾಕಿದವನಲ್ಲ.

"ಮೋಜಿಗೆ ಹೊಡೆದಿದ್ದೇ ತಪ್ಪು ಕಣಪ್ಪಾ. ನರಳೋಕೆ ಬಿಟ್ಟು ಬಂದಿದ್ದು ಇನ್ನೂ ದೊಡ್ಡ ತಪ್ಪು" ಎಂದೆ.

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ, "ಬೆಳಗಾದ ಕೂಡಲೇ ಹುಡುಕ್ತೀನಿ. ನೀವೂ ಬರ್ತೀರಾ, ಮಾವ?" ಎಂದ.

ಮಂಡಿ ನೋವಿದ್ದರೂ ಹೋಗುವವನೇ. ಅಳಿಯನೇನೋ ದಾರಿಗೆ ಬಂದ. ಆ ಜೀವಕ್ಕೆ ಮಾತ್ರ ಈ ರಾತ್ರಿ ಹೇಗೆ ಕಳೆಯುತ್ತದೋ…